ಏಳು ದಿನದ ಬಾಟಲಿ

"ಮೊಸರು ಪಕ್ಕ ಅದ ಇಡಬೇಡ ಅಂತ ಎಷ್ಟು ದಡವೆ ಹೇಳದು ನಿಂಗೆ?"

ಮಾರಿಯಮ್ಮ ಫ್ರಿಡ್ಜಿನ ಬಾಗಿಲು ಹಿಡಿದು ನಿಂತಿದ್ದಳು. ಸೊಸೆ ರುಕ್ಮಣಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ನೀಲಿ ಮುಚ್ಚಳದ ಡಬ್ಬಿಯನ್ನು ಹೊರತೆಗೆದು ಪ್ರೇರಣಾಳ ಕೈಗೆ ಕೊಟ್ಟಳು. ಒಳಗಿದ್ದದ್ದು ರುಕ್ಮಣಿಯ ಹದಿನಾಲ್ಕು ತಿಂಗಳ ಮಗಳು ಧರಣಿಯ ಬೆಳಗಿನ ಮಲ, ಒಂದು ಚಮಚದಷ್ಟು.

ಡಬ್ಬಿಯ ಮೇಲಿನ ಸಂಖ್ಯೆಯನ್ನು ಎರಡು ಸಲ ಓದಿ ಪ್ರೇರಣಾ ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟಳು. ಆಕೆ ದಾವಣಗೆರೆಯವಳು. ಕೊಯಮತ್ತೂರಿನ ವೈದ್ಯಕೀಯ ಕಾಲೇಜೊಂದರ ಸಂಶೋಧನೆಗಾಗಿ ತಿಂಗಳಿಗೊಮ್ಮೆ ಪಲ್ಲಡಂನಲ್ಲಿ ಕನ್ನಡ ಮಾತಾಡುವ ನೇಕಾರರ ಈ ಬೀದಿಗೆ ಬರುತ್ತಿದ್ದಳು. ಧರಣಿ ಏಳು ತಿಂಗಳ ಕೂಸಾಗಿದ್ದಾಗ ಆರ್‌ಎಸ್‌ವಿ ಎಂಬ ವೈರಸ್ ಎದೆಗಿಳಿದು ಐದು ದಿನ ಆಮ್ಲಜನಕದ ಆಸರೆಯಲ್ಲಿದ್ದಳು. ಅಂಥ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳಿಗೂ ಅವರಿಗೆ ಮತ್ತೆ ಮತ್ತೆ ತಗಲುವ ವೈರಸ್ ಸೋಂಕಿಗೂ ಏನಾದರೂ ಸಂಬಂಧವಿದೆಯೇ ಎಂದು ಕಾಲೇಜಿನವರು ಹುಡುಕುತ್ತಿದ್ದರು. ರುಕ್ಮಣಿ ಒಪ್ಪಿದ್ದಕ್ಕೆ ಕಾರಣ ಬೇರೆ. ಪಟ್ಟಿಯಲ್ಲಿ ಹೆಸರಿದ್ದ ಮಗುವಿನ ತಾಯಿಗೆ ಡಾಕ್ಟರರ ನಂಬರು ಸಿಗುತ್ತಿತ್ತು. ಯಾವಾಗ ಕರೆದೊಯ್ದರೂ ಸಾಲಿನಲ್ಲಿ ಕಾಯಿಸದೆ ನೋಡುತ್ತಿದ್ದರು. ನಿನ್ನೆಯಿಂದ ಧರಣಿಗೆ ಮತ್ತೆ ಕೆಮ್ಮು ಶುರುವಾಗಿತ್ತು.

"ಕಳೆದ ಮೂವತ್ತು ದಿನದಲ್ಲಿ ಆಂಟಿಬಯಾಟಿಕ್ ಕೊಟ್ಟಿದ್ದೀರಾ ಅಕ್ಕ?"

"ಇಲ್ಲ ಮೇಡಂ. ಮೆಡಿಕಲ್ ಕಡೆಗೇ ಹೋಗಲಿಲ್ಲ."

ಪ್ರೇರಣಾ ಬರೆದುಕೊಂಡಳು. ಮಾರಿಯಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. "ಸಳಿ ಕೆಮ್ಮು ಇರೋದು ಎದೇಲಿ. ನೀ ನೋಡೋದು ಹೊಟ್ಟೇನ. ಇದೇನು ಲೆಕ್ಕ ಅಮ್ಮಿಣಿ?"

"ಕರುಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇರ್ತವೆ ಅಜ್ಜಿ. ರೋಗದ ಜೊತೆ ಹೋರಾಡೋದನ್ನ ಮೈಗೆ ಕಲಿಸೋದರಲ್ಲಿ ಅವುಗಳ ಪಾಲೂ ಇದೆ. ಆಂಟಿಬಯಾಟಿಕ್ ಕೊಟ್ಟರೆ ಅವೂ ಸಾಯ್ತವೆ. ವೈರಸ್ ಮಾತ್ರ ಅದಕ್ಕೆ ಸಾಯಲ್ಲ. ಅದಕ್ಕೇ ಪ್ರತಿ ಸಲ ಕೇಳೋದು."

ರುಕ್ಮಣಿ ಮಗುವನ್ನು ಸೊಂಟದ ಇನ್ನೊಂದು ಬದಿಗೆ ಸರಿಸಿಕೊಂಡಳು. "ಪುಡಿಗೆ ನೀರು ಹಾಕಿ ಕುಲುಕ್ತಾರಲ್ಲ, ರೋಸ್ ಕಲರು... ಅದೂ ಅದೇನಾ?"

"ಹೆಸರು ನೋಡಬೇಕು."

ಬಾಟಲಿ ಫ್ರಿಡ್ಜಿನ ಬಾಗಿಲಲ್ಲೇ ಇತ್ತು. ಪ್ರೇರಣಾ ಹೆಸರು ಓದಿ, ಬರೆದಿದ್ದ ಹಾಳೆಯನ್ನು ಮತ್ತೆ ಬಿಡಿಸಿದಳು. "ಇದೇ ಆಂಟಿಬಯಾಟಿಕ್. ಕೊಂಡುಕೊಳ್ಳಲಿಲ್ಲ ಅಂದ್ರಲ್ಲ?"

"ನಾ ಕೊಂಡಿದ್ದಲ್ಲ. ಪಕ್ಕದ ತೆನ್ಮೊಳಿ ಮನೇದು."

ಕುಲುಕಿದ ಮೇಲೆ ಏಳು ದಿನದೊಳಗೆ ಮುಗಿಸಬೇಕು ಎಂದು ಬಾಟಲಿಯ ಮೇಲೆ ಬರೆದಿರುತ್ತಿತ್ತು. ಆ ಮಾತನ್ನು ಬೀದಿಯವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಒಂದು ಮಗುವಿಗೆ ಮೂರನೇ ದಿನಕ್ಕೆ ಜ್ವರ ಬಿಟ್ಟರೆ ಉಳಿದದ್ದು ಪಕ್ಕದ ಮನೆಗೆ ಹೋಗುತ್ತಿತ್ತು. ಅಲ್ಲಿಂದ ಎದುರು ಮನೆಗೆ. ಕೊನೆಯ ದಿನ ಕೆಮ್ಮಿಲ್ಲದ ಮಗುವಿಗೂ ಅರ್ಧ ಚಮಚ ಕುಡಿಸಿ ಬಾಟಲಿ ತೊಳೆದಿಡುತ್ತಿದ್ದರು. ಧರಣಿಗೆ ಈ ತಿಂಗಳಲ್ಲೇ ಎರಡು ಸುತ್ತು ಆಗಿತ್ತು.

"ತೆನ್ಮೊಳಿ ಅವರ ಮಗಳೂ ನಮ್ಮ ಪಟ್ಟಿಯಲ್ಲಿದ್ದಾಳೆ," ಎಂದಳು ಪ್ರೇರಣಾ ನಿಧಾನವಾಗಿ. "ಆರೋಗ್ಯವಾಗಿರೋ ಮಕ್ಕಳ ಗುಂಪಿನಲ್ಲಿ. ಹೋಲಿಸಿ ನೋಡೋಕೆ."

"ಅವಳ ಪೇರು ನಾ ಹೇಳಿದ್ದು ಅಂತ ಹೇಳಬೇಡಿ ಮೇಡಂ." ರುಕ್ಮಣಿಯ ದನಿ ತಗ್ಗಿತು. "ಧರಣೀನ ಪಟ್ಟಿಯಿಂದ ತೆಗೆದುಬಿಡ್ತಾರಾ?"

"ನನಗೆ ಗೊತ್ತಿಲ್ಲ. ಡಾಕ್ಟರನ್ನ ಕೇಳ್ತೀನಿ."

"ಈ ಕೆಮ್ಮು... ನಾ ಅದ ಕುಡಿಸಿದ್ದಕ್ಕೇ ಬಂತಾ?"

"ಅದೂ ಗೊತ್ತಿಲ್ಲ ಅಕ್ಕ."

"ಕುಡಿಸಿದ ಮೂರನೇ ದಿನ ಸರಿ ಆಯ್ತಲ್ಲ, ಎರಡು ದಡವೇನೂ?"

"ಕುಡಿಸದೇ ಇದ್ದರೂ ಆಗಿರಬಹುದು."

"ಹಂಗಾದ್ರೆ ಮೊಸರು ಕೊಟ್ರೆ ಆ ಒಳ್ಳೆ ಪುಳು ತಿರುಗಿ ಬರ್ತದಾ?" ಮಾರಿಯಮ್ಮ ನಡುವೆ ಬಾಯಿ ಹಾಕಿದಳು. "ಸಳಿ ಆಗ್ತದೆ ಅಂತ ಇವಳು ಮಗೂಗೆ ಒಂದು ಚೊಟ್ಟೂ ತಿನ್ನಿಸೋದಿಲ್ಲ."

"ಖಚಿತವಾಗಿ ಹೇಳೋಕಾಗಲ್ಲ ಅಜ್ಜಿ."

"ಗೊತ್ತಿಲ್ಲ ಅಂತ ಹೇಳದಕ್ಕೇ ಎರಡು ಬಸ್ ಹತ್ತಿ ಬಂದ್ಯಾ? ಅದ ನಾ ಕೂತಲ್ಲೇ ಹೇಳ್ತಿದ್ದೆ!"

ಪ್ರೇರಣಾಳಿಗೆ ನಗು ಬಂತು, ರುಕ್ಮಣಿಗೆ ಬರಲಿಲ್ಲ. ಹೊರಗೆ ನಿಂತು ಡಾಕ್ಟರರ ಜೊತೆ ಮಾತಾಡಿ ಬಂದ ಪ್ರೇರಣಾ, ಹೆಸರು ಸದ್ಯ ತೆಗೆಯುವುದಿಲ್ಲವೆಂದಳು. ಎರಡೂ ಗುಂಪಿನ ಮಕ್ಕಳು ಸಿರಪ್ ಕುಡಿದಿರುವಾಗ ಈ ತಿಂಗಳ ಡಬ್ಬಿಗಳನ್ನು ಏನು ಮಾಡಬೇಕೆಂದು ಅವರಿಗೂ ಯೋಚನೆಯಾಗಿತ್ತು. ಸಿರಪ್ ಮತ್ತೆ ಕೊಡಬಾರದು. ಮಗು ನಿದ್ದೆ ಮಾಡುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ನಲವತ್ತು ಅಥವಾ ಹೆಚ್ಚಾದರೆ ಕೂಡಲೇ ಕರೆತರಬೇಕು; ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಎಣಿಸದೆಯೇ ಹೊರಡಬೇಕು. ಇಷ್ಟನ್ನು ಹೇಳಿ, ರುಕ್ಮಣಿಯಿಂದ ಒಮ್ಮೆ ಹೇಳಿಸಿ, ಪ್ರೇರಣಾ ಪೆಟ್ಟಿಗೆ ಎತ್ತಿಕೊಂಡು ತೆನ್ಮೊಳಿಯ ಮನೆಯ ಕಡೆ ನಡೆದಳು.

ಹಾಲು ಕುಡಿದ ಧರಣಿ ಸ್ವಲ್ಪ ಹೊತ್ತಿನಲ್ಲೇ ಚಾಪೆಯ ಮೇಲೆ ನಿದ್ದೆ ಹೋದಳು. ರುಕ್ಮಣಿ ಅಂಗಿ ಮೇಲೆತ್ತಿ, ಫೋನಿನ ಗಡಿಯಾರ ಪಕ್ಕಕ್ಕಿಟ್ಟು ಎಣಿಸಿದಳು. ಮೂವತ್ನಾಲ್ಕು. ನಂಬಿಕೆ ಬಾರದೆ ಮತ್ತೆ ಎಣಿಸಿದಳು. ನಲವತ್ತಮೂರು. ಗೋಡೆಯ ಆಚೆ ಗಂಡ ಪೊನ್ನುಸಾಮಿಯ ನಾಲ್ಕು ಪವರ್‌ಲೂಮ್‌ಗಳು ಓಡುತ್ತಿದ್ದವು. ನೆಲವೇ ಅದುರುತ್ತಿತ್ತು, ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮಗುವಿನ ಹೊಟ್ಟೆ. ಬಾಯಿಯ ಎಣಿಕೆ ಪ್ರತಿ ಸಲವೂ ಮಗ್ಗದ ಓಟಕ್ಕೆ ಜಾರುತ್ತಿತ್ತು. ಮೂರನೆಯ ಸಲ ಇಪ್ಪತ್ತರಲ್ಲೇ ತಪ್ಪಿತು.

ಅವಳು ಎದ್ದು ಷೆಡ್ಡಿನ ಬಾಗಿಲಿಗೆ ಹೋಗಿ ಕೈಯಾಡಿಸಿದಳು.

"ನಾಲ್ಕನ್ನೂ ನಿಲ್ಲಿಸಿ."

"ಏನಾಯ್ತು? ಬೀಮಿನ ನೂಲು ಮುಗಿಯೋ ಹೊತ್ತು ಇದು!"

"ಒಂದು ನಿಮಿಷ ಸಾಕು. ಪಾಪು ಮೂಚು ಎಳೆದು ಬಿಡೋದ ಎಣಿಸಬೇಕು."

ಪೊನ್ನುಸಾಮಿ ಅವಳ ಮುಖ ನೋಡಿದ. ಆಮೇಲೆ ಒಂದೊಂದೇ ಸ್ವಿಚ್ ಆರಿಸುತ್ತ ಬಂದ. ನಾಲ್ಕನೆಯದು ನಿಂತಾಗ ಮನೆಯೊಳಗೆ ಅಪರೂಪದ ನಿಶ್ಶಬ್ದ ಇಳಿಯಿತು. ಎದುರು ಮನೆಯವರು ಕರೆಂಟು ಹೋಯಿತೆ ಎಂದು ಇಣುಕಿದರು.

ರುಕ್ಮಣಿ ಓಡಿ ಬಂದು ಚಾಪೆಯ ಬಳಿ ಕುಳಿತಳು. ಹುಟ್ಟಿದಂದಿನಿಂದ ಮಗ್ಗದ ಸದ್ದಿನಲ್ಲೇ ಮಲಗಿ ರೂಢಿಯಾಗಿದ್ದ ಧರಣಿ, ಸದ್ದು ನಿಂತದ್ದೇ ಬೆಚ್ಚಿ ಕಣ್ಣು ಬಿಟ್ಟಿದ್ದಳು. ತುಟಿ ಒಡೆದು ಅಳು ಶುರುವಾಯಿತು. ಹೊಟ್ಟೆ ಅಡ್ಡಾದಿಡ್ಡಿ ಕುಣಿಯಿತು. ಪೊನ್ನುಸಾಮಿ ಬಾಗಿಲಲ್ಲಿ ನಿಂತು, "ಎಷ್ಟು ಬಂತು?" ಎಂದ.

ರುಕ್ಮಣಿ ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಮಗುವನ್ನು ತೊಡೆಗೆ ಹಾಕಿಕೊಂಡು, ಅಂಗೈಯಿಂದ ಮೆಲ್ಲಗೆ, ಮಗ್ಗ ಬಡಿಯುವ ಹಾಗೆಯೇ, ಬೆನ್ನು ತಟ್ಟತೊಡಗಿದಳು.