ಎಡಗಡೆಯ ಕಮಾನು

ಶಹಾಬಾದದ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲುಗಳ ಅಳತೆ ಬರೆಯುವ ಕೆಲಸಕ್ಕೆ ನಾನು ಸೇರಿದ್ದು ೧೯೬೪ರಲ್ಲಿ. ಅದೇ ವರ್ಷ ಡ್ರೈವರ್ ಬಂದೇಅಲಿ ಸಿಕಂದರಾಬಾದಿನ ಹರಾಜಿನಿಂದ ಹಳೆಯ ಮಿಲಿಟರಿ ಡಾಜ್ ಲಾರಿಯೊಂದನ್ನು ತಂದ. ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿದವನಿಗೆ ಇದು ಮೊದಲ ಸ್ವಂತ ಗಾಡಿ.

ಅಮೆರಿಕದವರು ಯುದ್ಧಕ್ಕೆಂದು ಮಾಡಿದ್ದರಿಂದ ಸ್ಟೇರಿಂಗು ಎಡಗಡೆ ಇತ್ತು. ತಿರುಗುವಾಗ ಬಲಗಡೆ ಕೈ ತೋರಿಸುವುದು ಹೇಗೆ? ಬಂದೇಅಲಿ ಬಡಿಗನ ಹತ್ತಿರ ಒಂದು ಮರದ ಕೈ ಮಾಡಿಸಿ ಬಲಗಡೆಯ ಕಿಟಕಿಗೆ ಜಡಿದ. ಹಗ್ಗ ಎಳೆದರೆ ಅದು ಎದ್ದು ನಿಲ್ಲುತ್ತಿತ್ತು. ಕಲ್ಲು ಹೇರುವವರ ಗುಂಪಿಗೆ ಹಿರಿಯಳಾದ ಹಣಮಮ್ಮ ಅದಕ್ಕೆ ಎರಡು ಹಸಿರು ಬಳೆ ತೊಡಿಸಿ, "ಬರಿಗೈ ಚಂದ ಕಾಣಂಗಿಲ್ಲ" ಎಂದಳು.

ಆಮೇಲೆ ಬಣ್ಣದ ಸರದಿ. ಸೈನ್ಯದ ಹಸಿರಿನ ಮೇಲೆ ನವಿಲು, ಗುಲಾಬಿಗಳು ಬಂದವು. ಚಕ್ರಗಳ ಮೇಲೆ ಲಾರಿಯ ಭಾರ ಹೊರುವ ಸ್ಪ್ರಿಂಗುಗಳನ್ನು, ಅಂದರೆ ಕಮಾನುಗಳನ್ನೂ, ಬಂದೇಅಲಿ ಬಿಡಲಿಲ್ಲ. ಒಂದೊಂದೇ ಉಕ್ಕಿನ ಪಟ್ಟಿ ಬಿಚ್ಚಿ, ಗ್ರೀಸ್ ಹಚ್ಚಬೇಕಾದ ಜಾಗಕ್ಕೂ ಕೆಂಪು ಬಣ್ಣ ಬಳಿದು, ಮತ್ತೆ ಜೋಡಿಸಿದ.

ಮೊದಲ ಕೆಲಸ ಸೇಡಮ್ಮಿನ ಹೊಸ ಶಾಲೆಗೆ ನೆಲದ ಕಲ್ಲು ಮುಟ್ಟಿಸುವುದು. ಇನ್ನೂರು ಕಲ್ಲುಗಳಲ್ಲಿ ಮೂವತ್ತೊಂದು ದಾರಿಯಲ್ಲೇ ಒಡೆದವು, ಎಲ್ಲವೂ ಲಾರಿಯ ಎಡಗಡೆಯವು. "ಮುಂದಿನ ಸಲ ಐದಕ್ಕಿಂತ ಒಂದು ಹೆಚ್ಚು ಒಡೆದರೂ ಕೆಲಸ ತಾಂಡೂರಿನ ಲಾರಿಗೆ" ಎಂದರು ಅಲ್ಲಿಯ ಇಂಜಿನಿಯರು. ಈ ಕೆಲಸ ಹೋದರೆ ಲಾರಿ ಮಾರಿ ಮತ್ತೆ ಪರರ ಗಾಡಿ ಹತ್ತಬೇಕೆಂದು ಬಂದೇಅಲಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಬಿ.ಎಸ್ಸಿ. ಓದಿದವನು. ಸ್ಕೇಲು ಹಿಡಿದು ಖಾಲಿ ಲಾರಿಯ ಕೆಳಗೆ ಮಲಗಿ ಎರಡೂ ಕಡೆಯ ಕಮಾನುಗಳ ಬಾಗನ್ನು ಮೂರು ಮೂರು ಸಲ ಅಳೆದೆ. ವ್ಯತ್ಯಾಸ ಒಂದು ಮಿಲಿಮೀಟರ್. ಹಾಗಾದರೆ ತಪ್ಪು ಕಮಾನಿನದಲ್ಲ, ಭಾರದ್ದು. ಡ್ರೈವರ್ ಎಡಗಡೆ, ಸ್ಟೆಪ್ನಿ ಎಡಗಡೆ. ನನ್ನ ಲೆಕ್ಕ ಚೊಕ್ಕವಾಗಿತ್ತು.

"ನೂರು ಮಣ ಕಲ್ಲು ಹೊರ್ತದ. ನನ್ನ ಹೊಟ್ಟಿ ಒಂದೇ ಭಾರ ಆತೇನ್ರಿ ಸಾಬ್?" ಎಂದ ಬಂದೇಅಲಿ.

ಆದರೂ ಸ್ಟೆಪ್ನಿಯನ್ನು ಬಲಕ್ಕೆ ಸರಿಸಿದೆವು. ಪರೀಕ್ಷೆಗೆಂದು ಹತ್ತು ಕಲ್ಲು ಹೇರಿ, ಉಳಿದ ಭಾರಕ್ಕೆ ಮರಳಿನ ಚೀಲ ತುಂಬಿ ವಾಡಿಯವರೆಗೆ ಹೋಗಿ ಬಂದೆವು. ನಾಲ್ಕು ಒಡೆದವು, ಮತ್ತೆ ಎಡಗಡೆಯವೇ. ಕೊನೆಗೆ, ಎಡಗಡೆಗೆ ಇನ್ನೊಂದು ಪಟ್ಟಿ ಸೇರಿಸೋಣವೆಂದು ಕಮಾನು ಬಿಚ್ಚಿ ಪಟ್ಟಿಗಳನ್ನು ಸಾಲಾಗಿ ನೆಲದ ಮೇಲೆ ಇಟ್ಟೆವು.

ಗಣಿಯಲ್ಲಿ ಹಣಮಮ್ಮ ಪ್ರತಿಯೊಂದು ಕಲ್ಲನ್ನೂ ಬಡಿದು ನೋಡಿಯೇ ಹೇರುತ್ತಿದ್ದಳು. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಳಗೆ ಸೀಳಿದ್ದು ಥಪ್ ಅನ್ನುತ್ತದೆ. ಅಭ್ಯಾಸಬಲದಿಂದ ಅವಳು ಒಂದು ಪಟ್ಟಿಯನ್ನು ಎರಡು ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಬಡಿದಳು. ಠಣ್. ಎರಡನೆಯದೂ ಠಣ್. ಮೂರನೆಯದು ಥಪ್.

"ಇದು ಸತ್ತದ" ಎಂದಳು.

"ಏ ಹಣಮಮ್ಮ, ಇದು ಉಕ್ಕು, ನಿನ್ನ ಫರ್ಸಿ ಅಲ್ಲ" ಎಂದು ಬಂದೇಅಲಿ ನಕ್ಕ. ನಾನೂ ನಕ್ಕೆ.

"ನಕ್ಕರ ನಗ್ರಿ. ಬಣ್ಣ ಕೆರೀರಿ."

ಕೆರೆದೆವು. ನಟ್ಟನಡುವಿನ ತೂತಿನಿಂದ ಕೂದಲಿನಷ್ಟು ಸಣ್ಣ ಬಿರುಕು ಅಂಚಿನತನಕ ಹೋಗಿತ್ತು. ಖಾಲಿ ಲಾರಿಯಲ್ಲಿ ಆ ಪಟ್ಟಿ ಮರ್ಯಾದೆಯಿಂದ ಬಾಗಿ ನಿಲ್ಲುತ್ತಿತ್ತು. ಭಾರ ಬಿದ್ದಾಗ ಕೈಬಿಡುತ್ತಿತ್ತು. ನಾನು ಅಳೆದದ್ದು ಖಾಲಿ ಲಾರಿಯನ್ನು.

"ಮೂರು ಕೋಟು ಬಣ್ಣ ನಾನೇ ಹಚ್ಚೀನಿ" ಎಂದು ಬಂದೇಅಲಿ ತಲೆ ಮೇಲೆ ಕೈ ಇಟ್ಟುಕೊಂಡ.

ವಾಡಿಯ ಅಬ್ದುಲ್ ಗನಿಯ ಗುಜರಿಯಲ್ಲಿ ಇನ್ನೊಂದು ಡಾಜ್ ಸತ್ತು ಬಿದ್ದಿತ್ತು. ಹಣಮಮ್ಮನನ್ನೂ ಕರೆದುಕೊಂಡು ಹೋದೆವು. ಅವಳು ನಾಲ್ಕು ಪಟ್ಟಿ ಬಡಿದು ಬೇಡವೆಂದಾಗ ಗನಿ ರೇಗಿದ: "ಕಲ್ಲಂಗಡಿ ತಗೊಳ್ಳಾಕ ಬಂದೀಯೇನಬೇ?"

"ಕಲ್ಲಂಗಡಿ ಆದ್ರ ಥಪ್ ಅಂದಿದ್ದೇ ತಗೊಳ್ತಿದ್ದೆ" ಎಂದು ಐದನೆಯದನ್ನು ಆರಿಸಿದಳು.

ಅದನ್ನು ಜೋಡಿಸಿ, ಮತ್ತೆ ಇನ್ನೂರು ಕಲ್ಲು ಹೇರಿ, ಎರಡನೇ ಟ್ರಿಪ್ಪಿಗೆ ನಾವು ಮೂವರೂ ಹೋದೆವು. ಕಾಗಿಣಾ ಸೇತುವೆ ದಾಟುವಾಗ ಬಂದೇಅಲಿ ಉಸಿರು ಬಿಗಿ ಹಿಡಿದಿದ್ದ. ಸೇಡಮ್ಮಿನಲ್ಲಿ ಇಳಿಸುವಾಗ ಇಂಜಿನಿಯರು ಎಣಿಸುತ್ತ ನಿಂತರು. ನೂರಾ ಎಂಬತ್ತಾಗುವಷ್ಟರಲ್ಲಿ ಒಡೆದವು ನಾಲ್ಕು. ಮುಂದಿನ ಕಲ್ಲು ನೋಡಲು ಇಡಿಯಾಗಿತ್ತು. ಇಂಜಿನಿಯರು ಗುರುತು ಹಾಕುವ ಮೊದಲೇ ಹಣಮಮ್ಮ ಅದನ್ನು ಬಡಿದು ಪಕ್ಕಕ್ಕೆ ಸರಿಸಿದಳು. "ಇದೂ ಹೋಗ್ಯದ್ರಿ."

"ಸುಮ್ಮನಿರಬೇ ನಮ್ಮವ್ವ!" ಬಂದೇಅಲಿ ಪಿಸುಗುಟ್ಟಿದ.

"ಹುಡುಗ್ರು ಕುಂದ್ರೋ ಜಾಗ ಅದ. ಸುಮ್ನ ಹ್ಯಾಂಗಿರಲಿ?"

ಐದಾಯಿತು. ಇನ್ನು ಹತ್ತೊಂಬತ್ತು ಕಲ್ಲು. ಬಂದೇಅಲಿ ಕಣ್ಣು ಮುಚ್ಚಿಕೊಂಡು ಸುತ್ತಿಗೆಯ ಸದ್ದನ್ನಷ್ಟೇ ಕೇಳುತ್ತ ನಿಂತ. ಠಣ್, ಠಣ್, ಠಣ್. ಕೊನೆಯದೂ ಠಣ್.

ಇಂಜಿನಿಯರು ಚೀಟಿಗೆ ಸಹಿ ಹಾಕಿದರು. ಬಂದೇಅಲಿ ಲಾರಿಯೊಳಗೆ ಜಿಗಿದು, ಖುಷಿಗೆ ಹಗ್ಗವನ್ನು ಜಗ್ಗಿ ಎಳೆದ. ಮರದ ಕೈ ರಪ್ಪನೆ ಎದ್ದು ಬಾಗಿಲಿಗೆ ಬಡಿಯಿತು. ಒಂದು ಬಳೆ ಚೂರಾಗಿ ಇಂಜಿನಿಯರ ಕಾಲ ಹತ್ತಿರ ಬಿತ್ತು.

ಹಣಮಮ್ಮ ಬಗ್ಗಿ ಚೂರುಗಳನ್ನು ಆರಿಸಿಕೊಂಡಳು.

"ಇದು ಆರನೇದು" ಎಂದಳು. "ಬರಕೋಬ್ಯಾಡ್ರಿ ಸಾಹೇಬ್ರ."