ಐದನೆಯವಳು ಒಳಗೆ ಬಂದಾಗ

ಕಲ್ಯಾಣದುರ್ಗದ ಕಾಲೇಜಿನಲ್ಲಿ ಖಾಲಿ ಇದ್ದದ್ದು ಕೆಮಿಸ್ಟ್ರಿ ಲೆಕ್ಚರರ್ ಕೆಲಸ ಒಂದೇ, ಡೆಮೊ ಕ್ಲಾಸಿಗೆ ಬಂದವರು ಇಬ್ಬರು. ಹಿಂದೂಪುರದ ಅಮೃತಾ, ಇದೇ ಊರಿನ ಶ್ರೀವಾಣಿ. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು, ಈಗ ಇಬ್ಬರಿಗೂ ಕೆಲಸವಿಲ್ಲ. ಫೋನ್ ಮಾಡಿ ವಿಷಯ ತಿಳಿಸಿದವಳು ಶ್ರೀವಾಣಿಯೇ. ಪೈಪೋಟಿಗೆ ತಾನಾಗಿಯೇ ಆಳು ಕರೆಯುವ ಪುಣ್ಯಾತ್ಗಿತ್ತಿ ಎಲ್ಲಾದರೂ ಉಂಟೇ? ಪೆನುಕೊಂಡ ದಾಟಿದಾಗಿನಿಂದ ಅಮೃತಾಳ ತಲೆ ತಿನ್ನುತ್ತಿದ್ದದ್ದು ಇದೇ. ಬಸ್ಸಿನಲ್ಲಿ ನೆಟ್ಟಗೆ ಕೂರಲೂ ಆಗಿರಲಿಲ್ಲ.

ಕ್ಲಾಸಿನಲ್ಲಿ ಅವಳು ನಾಲ್ವರು ಹುಡುಗಿಯರನ್ನು ಕೈಕೈ ಹಿಡಿಸಿ ಇಕ್ಕಟ್ಟಾಗಿ ನಿಲ್ಲಿಸಿದಳು. ಅದು ನಾಲ್ಕು ಕಾರ್ಬನ್‌ಗಳ ಉಂಗುರ. ಐದನೆಯವಳು ಹೊರಗೆ ನಿಂತು, ಉಂಗುರದಲ್ಲಿದ್ದ ಮೀನಾಳ ಮೊಣಕೈ ಹಿಡಿದಳು. ಆ ಹೊರಗಿನವಳ ಇನ್ನೊಂದು ಕೈ ಖಾಲಿ. ಖಾಲಿ ಕೈಯೇ ಪ್ಲಸ್ ಗುರುತು, ಅಂದರೆ ಎಲೆಕ್ಟ್ರಾನಿನ ಕೊರತೆ, ಅದಿರುವ ಕಾರ್ಬನ್ನಿಗೆ ನೆಮ್ಮದಿಯಿಲ್ಲ ಎಂದು ಅಮೃತಾ ವಿವರಿಸಿದಳು. ತನ್ನ ಪಾಡನ್ನೇ ಹೇಳಿಕೊಂಡಂತಿತ್ತು.

ಮೀನಾಳ ಪಕ್ಕದವಳು ಮೀನಾಳ ಕೈ ಬಿಟ್ಟು ಹೊರಗಿನವಳ ಖಾಲಿ ಕೈ ಹಿಡಿದಳು. ಉಂಗುರ ಐದರದ್ದಾಯಿತು, ಇಕ್ಕಟ್ಟು ಕಳೆಯಿತು. ಹುಡುಗಿಯರು ನಕ್ಕರು. ಅಮೃತಾ ಅದನ್ನೇ ಬೋರ್ಡಿನ ಮೇಲೆ ಬರೆದಳು. ಮನಸ್ಸು ಮಾತ್ರ ತನ್ನ ಕ್ಲಾಸು ಮುಗಿಸಿ ಕೊನೆಯ ಬೆಂಚಿನಲ್ಲಿ ಕೂತಿದ್ದ ಶ್ರೀವಾಣಿಯ ಮೇಲೆ. ಏನು ಹೊಂಚು ಹಾಕಿದ್ದಾಳೋ! ಆ ಹಾಳು ಯೋಚನೆಯಲ್ಲಿ ಪ್ಲಸ್ಸನ್ನು ಹೊಸದಾಗಿ ಒಳಬಂದ ಕಾರ್ಬನ್ನಿನ ಮೇಲೆಯೇ ಬಿಟ್ಟಳು.

ಮುಂದಿನ ಬೆಂಚಿನಲ್ಲಿ ಪರೀಕ್ಷಿಸಲು ಕೂತಿದ್ದ ಹಿರಿಯ ಲೆಕ್ಚರರ್ ಕದಿರಣ್ಣ ಹುಬ್ಬು ಗಂಟಿಕ್ಕಿ ಪೆನ್ನು ತೆಗೆದರು. ಅವರ ಬೆನ್ನ ಹಿಂದೆ ಶ್ರೀವಾಣಿ ಮೆಲ್ಲಗೆ ಕೈಯೆತ್ತಿ ಖಾಲಿ ಅಂಗೈ ತೋರಿಸಿದಳು.

ಅಮೃತಾ ಹುಡುಗಿಯರತ್ತ ತಿರುಗಿದಳು. ನೋಡಿದರೆ ಈಗ ಖಾಲಿ ಉಳಿದದ್ದು ಮೀನಾಳ ಕೈ. ಬೇಗ ಪ್ಲಸ್ ಒರೆಸಿ ಮೀನಾಳ ಕಾರ್ಬನ್ನಿಗೆ ಹಾಕಿದಳು. ಕೊರತೆ ಮಾಯವಾಗಲಿಲ್ಲ, ಹೊರಗಿನವಳನ್ನು ಒಳಗೆ ತಂದವಳ ಪಾಲಿಗೆ ಬಂತು ಎಂದು ಹೇಳುತ್ತ ಕೊನೆಯ ಬೆಂಚಿನ ಕಡೆ ನೋಡಿದಳು. ಕದಿರಣ್ಣ ತಲೆದೂಗಿದರು.

ಸಂಜೆ ಕೆಲಸ ಅಮೃತಾಳಿಗೆ ಎಂದು ತಿಳಿಸಿದರು. ಶ್ರೀವಾಣಿ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದಳು.

"ಯಾಕೇ ತೋರಿಸ್ದೆ? ಸುಮ್ಕಿದ್ದಿದ್ರೆ ಕೆಲ್ಸ ನಿಂದೇ ಆಗ್ತಿತ್ತಲ್ಲೇ" ಎಂದಳು ಅಮೃತಾ.

"ಬೋರ್ಡ್ ಮ್ಯಾಲೆ ತಪ್ಪು ನೋಡ್ಕಂಡು ಹೆಂಗೆ ಸುಮ್ಕಿರ್ಲಿ ಕಣಮ್ಮ?" ಶ್ರೀವಾಣಿ ನಗಲು ನೋಡಿದಳು, ಆಗಲಿಲ್ಲ. "ಸರ್ಲೇ, ಬಸ್ ಬಂದ್ಬುಡ್ತು, ಹತ್ತು."

ಬಸ್ಸು ಹೊರಟಿತು. ಸೀಟು ಸಿಕ್ಕಿದ್ದರೂ ಅಮೃತಾಳಿಗೆ ಕೂರಲಾಗಲಿಲ್ಲ. ಕಿಟಕಿಯಲ್ಲಿ ಬಗ್ಗಿ ಹಿಂದಕ್ಕೆ ನೋಡಿದಳು. ಶ್ರೀವಾಣಿ ಇನ್ನೂ ಅಲ್ಲೇ ಕೈಯೆತ್ತಿಕೊಂಡು ನಿಂತಿದ್ದಳು.