ಪ್ರಶ್ನೆಯಿಲ್ಲದ ಮಾತು

"ನಿನ್ನ ಹೆಸರೇನು?" ವೇದವತಿ ಮತ್ತೆ ಕೇಳಿದಳು. "ಇಲ್ಲಿ ನೋಡು ಪುಟ್ಟಿ, ನನ್ನ ಮುಖ ನೋಡಿ ಹೇಳು. ಹೆಸರೇನು? ಅಪ್ಪನ ಹೆಸರೇನು?"

ಮಗಳು ಗೋದಾ ಚಾಪೆಯ ಅಂಚಿನಿಂದ ಎದ್ದ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆರು ತುಂಬಿದ ಮಗುವಿಗೆ ಮಾತು ಬಾರದೆಂದೇನಿಲ್ಲ. ರೇಡಿಯೋದಲ್ಲಿ ಕೇಳಿದ ಪೇಟೆ ಧಾರಣೆಯನ್ನೆಲ್ಲ ಮೂಲೆಯಲ್ಲಿ ಕೂತು ಒಂದೂ ತಪ್ಪದೆ ಒಪ್ಪಿಸುತ್ತಿದ್ದಳು. ಎದುರಿಗೆ ಕೂತು ಯಾರಾದರೂ ಏನಾದರೂ ಕೇಳಿದರೆ ಮಾತ್ರ ಮುಖ ಬೇರೆ ಕಡೆ ತಿರುಗಿಬಿಡುತ್ತಿತ್ತು.

ಹೋದ ವರ್ಷ ಸ್ಕೂಲಿನ ಹೆಡ್‌ಮಿಸ್ಟ್ರೆಸ್, "ಹೆಸರು ಕೇಳಿದ್ರೆ ಹೇಳೋ ಹಾಗಾಗ್ಲಿ, ಸೇರಿಸ್ಕೋತೀವಿ" ಎಂದು ವಾಪಸ್ಸು ಕಳಿಸಿದ್ದರು. ಬರುವ ಸೋಮವಾರ ಎರಡನೆಯ ಸಲ. ಈ ಸಲವೂ ಆಗದಿದ್ದರೆ ಮುಂದೇನು ಎಂಬುದನ್ನು ಗಂಡ ಶೇಷಗಿರಿ ಆಗಲೇ ಯಾರಲ್ಲೋ ವಿಚಾರಿಸಿಕೊಂಡು ಬಂದಿದ್ದ. "ಇಂಥ ಮಕ್ಕಳಿಗೇ ಅಂತ ಒಂದು ಹಾಸ್ಟೆಲ್ ಇದೆಯಂತೆ, ಅಲ್ಲೇ ಇಟ್ಕೊಂಡು ನೋಡ್ಕೋತಾರಂತೆ ಕಣೆ. ವರ್ಷಕ್ಕೆ ಎರಡು ಸಲ ಮನೆಗೆ ಕಳಿಸ್ತಾರಂತೆ."

ಗೇಟಿನ ಸದ್ದಾಯಿತು. ಮಠದಹಳ್ಳಿಯ ಮುನಿವೆಂಕಟಮ್ಮ ಎಮ್ಮೆ ಹೊಡೆದುಕೊಂಡು ಬಂದಿದ್ದಳು. ಆರ್.ಟಿ. ನಗರದ ಆ ಬೀದಿಯಲ್ಲಿ ಕಣ್ಣೆದುರು ಕರೆದ ಹಾಲೇ ಆಗಬೇಕು ಎನ್ನುವ ನಾಲ್ಕಾರು ಮನೆಯವರು ಇನ್ನೂ ಇದ್ದರು. ಗೋದಾ ಎಳೆ ಬಿಟ್ಟು ಓಡಿದಳು. ವೇದವತಿ ಪಾತ್ರೆ ತೆಗೆದುಕೊಂಡು ಬರುವಷ್ಟರಲ್ಲಿ ಹಾಲು ಕರೆಯುವ ಸದ್ದು ಶುರುವಾಗಿತ್ತು. ಅವಳು ಬಾಗಿಲ ಹಿಂದೆಯೇ ನಿಂತಳು.

"ಇವತ್ತು ಇವ್ಳಿಗೆ ಸಿಟ್ಟು," ಮುನಿವೆಂಕಟಮ್ಮ ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಹೇಳುತ್ತಿದ್ದಳು, ಯಾರಿಗೆ ಅಂತಲ್ಲ. "ದಾರೀಲಿ ಲಾರಿಯವ್ನು ಆರನ್ ಒಡ್ದ. ಬೆದರ್ಕೊಂಡ್ಲು. ನಾನೂ ಬೆದರ್ಕೊಂಡೆ." ಕೆಚ್ಚಲು ನೀವಿ ಮತ್ತೆ ಕರೆಯತೊಡಗಿದಳು. "ಈಗ ಕಿವಿ ಅಲ್ಲಾಡಿಸ್ತಾವ್ಳೆ."

"ಒಂದು ಕಿವಿ," ಗೋದಾ ಅಂದಳು. "ನೊಣ ಕೂತಿದೆ."

"ಊಂ. ನೊಣ."

"ಹೋಯ್ತು."

ವೇದವತಿ ತಡೆಯಲಾರದೆ ಹೊರಗೆ ಬಂದಳು. "ಏನಂದೆ ಪುಟ್ಟಿ? ಇನ್ನೊಂದ್ಸಲ ಹೇಳು. ಏನು ಕೂತಿತ್ತು? ಎಷ್ಟು ಕಿವಿ?"

ಗೋದಾ ಕಾಂಪೌಂಡಿನ ಕಡೆ ತಿರುಗಿ ನಿಂತಳು.

ಮುನಿವೆಂಕಟಮ್ಮ ತಲೆ ಎತ್ತಿದಳು. "ಅಮ್ಮಾರೆ, ಇಂಗೆ ದಡಬಡ ಬಂದು ಮುಂದೆ ನಿಂತ್ರೆ ಎಮ್ಮೇನೂ ಹಾಲು ಇಳಿಸಾಕಿಲ್ಲ. ಮಗ ಮಾತು ಇಳಿಸ್ತದಾ?"

ಹಾಲಿನವಳಿಂದ ಇದನ್ನೂ ಕೇಳಬೇಕಾಯಿತಲ್ಲ ಎಂದು ವೇದವತಿಗೆ ಉರಿದುಹೋಯಿತು. ಆದರೂ ಮಧ್ಯಾಹ್ನ ಮೊರದ ಮುಂದೆ ಕೂತಾಗ, ಮನೆಯಲ್ಲಿ ಬೇರಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಅಂದಳು: "ಅಕ್ಕಿ ಆರಿಸ್ತಿದೀನಿ." ನಾಚಿಕೆಯಾಯಿತು. "ಕಲ್ಲು ಜಾಸ್ತಿ ಇದೆ." ಆಮೇಲೆ ಏನು ಹೇಳುವುದೆಂದೇ ತೋಚಲಿಲ್ಲ. ತಾನು ಯಾರಿಗಾದರೂ ಏನನ್ನಾದರೂ ಸುಮ್ಮನೆ ಹೇಳಿ ಎಷ್ಟು ದಿನವಾಯಿತು? ಹೆಣ್ಣು ನೋಡಲು ಬಂದವರು ಕೇಳಿದ್ದರು, ಹಾಡು ಬರುತ್ತಾ, ಹೊಲಿಗೆ ಬರುತ್ತಾ ಎಂದು. ಹತ್ತು ವರ್ಷಗಳಿಂದ ಶೇಷಗಿರಿ ಕೇಳುತ್ತಿದ್ದ, ಕಾಫಿ ಆಯ್ತಾ, ಬೀಗ ಹಾಕಿದ್ಯಾ ಎಂದು. ಅವಳು ಉತ್ತರ ಕೊಟ್ಟುಕೊಂಡು ಬಂದಿದ್ದಳು. ಕೇಳುವವಳು ಅವಳಾಗಿದ್ದದ್ದು ಮಗಳ ಮುಂದೆ ಮಾತ್ರ.

ಗೋದಾ ಯಾವಾಗಲೋ ಬಂದು ಮೊರದ ಪಕ್ಕ ಕೂತಿದ್ದಳು. ಒಂದು ಕಲ್ಲು ಹೆಕ್ಕಿ ನೆಲಕ್ಕಿಟ್ಟಳು.

"ಕಪ್ಪು ಕಲ್ಲು," ಅಂದಳು ವೇದವತಿ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಅಲ್ವಾ? ಯಾವ ಬಣ್ಣ ಹೇಳು?"

ಮಗು ಎದ್ದು ಹೋಯಿತು.

ಸೋಮವಾರ ಹೆಡ್‌ಮಿಸ್ಟ್ರೆಸ್ ಒಳ್ಳೆಯ ಮಾತಿನಲ್ಲಿಯೇ ಕೇಳಿದರು. ಮೂರು ಸಲ ಕೇಳಿದರು. ಗೋದಾ ಮೇಜಿನ ಕಾಲು ನೋಡುತ್ತಿದ್ದಳು. "ಹೇಳಮ್ಮಾ, ಮನೇಲಿ ಹೇಳ್ಕೊಟ್ಟಿಲ್ವಾ?" ಎಂದು ಶೇಷಗಿರಿ ಬಗ್ಗಿದ. ವೇದವತಿಯ ಬಾಯಿಗೂ ಅದೇ ಬಂದಿತ್ತು. ನುಂಗಿಕೊಂಡಳು.

"ನಂಗೆ ಭಯ ಆಗ್ತಿದೆ," ಅಂದಳು. ಅಷ್ಟು ಜೋರಾಗಿ ಕೇಳಿಸುತ್ತದೆಂದು ಅವಳೇ ಅಂದುಕೊಂಡಿರಲಿಲ್ಲ. "ಕೈಯೆಲ್ಲ ತಣ್ಣಗಾಗಿದೆ."

ಶೇಷಗಿರಿ ಅವಳನ್ನು ದಿಟ್ಟಿಸಿದ. ಹೆಡ್‌ಮಿಸ್ಟ್ರೆಸ್ ಪೆನ್ನು ಹಿಡಿದು ಕಾದರು.

ಬಹಳ ಹೊತ್ತಿನ ಮೇಲೆ ಗೋದಾ ಅಮ್ಮನ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡಳು. ಕಿರುಬೆರಳನ್ನು ಹಿಡಿದು ಒತ್ತಿದಳು. "ಇದು ತಣ್ಣಗಿದೆ." ಪಕ್ಕದ್ದನ್ನು ಹಿಡಿದಳು. "ಇದೂ ತಣ್ಣಗಿದೆ."

"ಹೆಸರು ಕೇಳಿದ್ದಮ್ಮ ನಾನು," ಹೆಡ್‌ಮಿಸ್ಟ್ರೆಸ್ ನಿಟ್ಟುಸಿರಿಟ್ಟರು. ಫೈಲು ಮುಚ್ಚಿ ಪಕ್ಕಕ್ಕೆ ಸರಿಸಿದರು. "ಕ್ಷಮಿಸಿ. ನಮ್ಮಲ್ಲಿ ಕಷ್ಟ ಆಗುತ್ತೆ."

ಶೇಷಗಿರಿ ಎದ್ದು ಬಾಗಿಲವರೆಗೆ ಹೋಗಿ ತಿರುಗಿದ. "ಏಳ್ತೀಯಾ? ಹೋಗೋಣ್ವಾ?"

ವೇದವತಿ ಉತ್ತರ ಕೊಡಲಿಲ್ಲ. ಕೈಯನ್ನು ಅಲುಗಿಸದೆ ಕೂತಿದ್ದಳು. ಇನ್ನೂ ಮೂರು ಬೆರಳು ಉಳಿದಿದ್ದವು.